ಪರದೇಶವಾಸಿಗಳ ಮಕ್ಕಳು ಮತ್ತು ಅಂತಾರಾಷ್ಟ್ರೀಯ ಶಾಲೆ: ಒಂದು ಐತಿಹಾಸಿಕ ವಿವೇಚನೆ

೧

ಹೊರದೇಶಗಳಲ್ಲಿ ಉದ್ಯೋಗದಲ್ಲಿರುವ ನಮ್ಮ ವಿಭಾಗದ ಹಳೆಯ ವಿದ್ಯಾರ್ಥಿಗಳು ರಜೆಯಲ್ಲಿ ಊರಿಗೆ ಬಂದಾಗ ಒಮ್ಮೊಮ್ಮೆ ನಮ್ಮನ್ನು ಕಂಡು ಹೋಗುವುದುಂಟು. ಕುಶಲಪ್ರಶ್ನೆಗಳು ಮುಗಿದ ಮೇಲೆ ಮಾತು ಬಹುಮಟ್ಟಿಗೆ ಒಂದೇ ವಿಷಯಕ್ಕೆ ತಿರುಗುತ್ತದೆ. ಮಗುವನ್ನು ಅಲ್ಲಿಯ ಭಾರತೀಯ ಶಾಲೆಗೆ ಸೇರಿಸಬೇಕೆ, ಆ ದೇಶದವರ ಶಾಲೆಗೆ ಕಳುಹಿಸಬೇಕೆ, ಅಥವಾ ಹೆಚ್ಚಿನ ಶುಲ್ಕ ತೆತ್ತು ಅಂತಾರಾಷ್ಟ್ರೀಯ ಶಾಲೆಗೆ ಹಾಕಬೇಕೆ ಎಂಬುದು ಅವರ ಪ್ರಶ್ನೆ. ಶಾಲೆಗಳ ಗುಣದೋಷಗಳನ್ನು ತೂಗಿ ಹೇಳುವುದು ಇತಿಹಾಸದ ಅಧ್ಯಾಪಕರ ಕೆಲಸವಲ್ಲ. ಆದರೆ ಈ ಪ್ರಶ್ನೆಗೂ ಒಂದು ಇತಿಹಾಸವುಂಟು. ಅದನ್ನು ಕೇಳಿದ ತಂದೆತಾಯಿಗಳು ಹಿಂದೆಯೂ ಇದ್ದರು. ಅವರು ಕಂಡುಕೊಂಡ ಉತ್ತರಗಳು ಶಾಲೆಗಳ ರೂಪದಲ್ಲಿ ಇಂದಿಗೂ ನಿಂತಿವೆ.

ಈ ಲೇಖನದಲ್ಲಿ ಆ ಉತ್ತರಗಳಲ್ಲಿ ಮುಖ್ಯವಾದ ಕೆಲವನ್ನು ಪರಿಶೀಲಿಸುವುದು ನಮ್ಮ ಉದ್ದೇಶ. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಪರದೇಶದಲ್ಲಿರುವ ಕುಟುಂಬವು ಶಾಲೆಯನ್ನು ಆರಿಸುವಾಗ, ಮಗು ಮುಂದೆ ಎಲ್ಲಿಗೆ ಮರಳಬೇಕು ಎಂಬುದನ್ನು ತಿಳಿದೋ ತಿಳಿಯದೆಯೋ ನಿರ್ಧರಿಸುತ್ತದೆ. ಮರಳುವ ನೆಲೆ ನಿಶ್ಚಿತವಾಗಿದ್ದಲ್ಲಿ ಸ್ವದೇಶದ ಪಠ್ಯಕ್ರಮದ ಶಾಲೆ ಹುಟ್ಟಿದೆ. ಅದು ಅನಿಶ್ಚಿತವಾದಾಗ ಅಂತಾರಾಷ್ಟ್ರೀಯ ಶಾಲೆ ಹುಟ್ಟಿದೆ. ಈ ಎರಡು ಏರ್ಪಾಡುಗಳಲ್ಲಿಯೂ ಮೊದಲು ಅಪಾಯಕ್ಕೆ ಒಳಗಾಗುವುದು ಮಗುವಿನ ಮನೆಮಾತು.

೨

ಮೊದಲು ನಮ್ಮ ದೇಶದಲ್ಲಿಯೇ ಪರದೇಶವಾಸಿಗಳಾಗಿದ್ದವರನ್ನು ನೋಡೋಣ. ಹತ್ತೊಂಬತ್ತನೆಯ ಶತಮಾನದಲ್ಲಿ ಭಾರತದಲ್ಲಿದ್ದ ಆಂಗ್ಲ ಅಧಿಕಾರಿಗಳಿಗೆ ಈ ವಿಷಯದಲ್ಲಿ ಸಂದೇಹವೇ ಇರಲಿಲ್ಲ. ಅವರ ಮಕ್ಕಳು ಮರಳಬೇಕಾದುದು ಇಂಗ್ಲೆಂಡಿಗೆ. ಆದುದರಿಂದ ಐದಾರು ವರ್ಷ ತುಂಬುತ್ತಲೇ ಮಗುವನ್ನು ಹಡಗಿನಲ್ಲಿ ಕಳುಹಿಸುವುದು ಅನುಕೂಲವಂತರಲ್ಲಿ ರೂಢಿಯಾಗಿತ್ತು. ೧೮೬೯ರಲ್ಲಿ ಸೂಯೆಜ್ ಕಾಲುವೆ ತೆರೆದ ಮೇಲೆ ಪ್ರಯಾಣದ ಅವಧಿ ಕಡಿಮೆಯಾಯಿತು. ಅಗಲಿಕೆಯ ಅವಧಿ ಕಡಿಮೆಯಾಗಲಿಲ್ಲ. ೧೮೬೫ರ ಕೊನೆಯಲ್ಲಿ ಮುಂಬಯಿಯಲ್ಲಿ ಹುಟ್ಟಿದ ರುಡ್ಯಾರ್ಡ್ ಕಿಪ್ಲಿಂಗನನ್ನು ಅವನ ತಂಗಿಯೊಡನೆ ೧೮೭೧ರಲ್ಲಿ ಇಂಗ್ಲೆಂಡಿನ ಸೌತ್‌ಸೀ ಎಂಬ ಊರಿನಲ್ಲಿ ಅಪರಿಚಿತರ ಮನೆಯಲ್ಲಿ ಬಿಟ್ಟರು. ಸೇವಕರೊಡನೆ ಹಿಂದೂಸ್ಥಾನಿಯಲ್ಲಿ ಸಲೀಸಾಗಿ ಮಾತನಾಡುತ್ತಿದ್ದ ಆ ಬಾಲಕನು ಅಲ್ಲಿ ಸುಮಾರು ಆರು ವರ್ಷ ಕಳೆದನು. ಆ ದಿನಗಳ ಕಹಿಯನ್ನು ಅವನು ಮುಂದೆ ಕಥೆಯಲ್ಲಿಯೂ ಆತ್ಮಕಥನದಲ್ಲಿಯೂ ಬರೆದಿಟ್ಟಿದ್ದಾನೆ.

ಅಷ್ಟು ವೆಚ್ಚವನ್ನು ಹೊರಲಾರದವರಿಗಾಗಿ ಬೆಟ್ಟದ ಶಾಲೆಗಳು ಏರ್ಪಟ್ಟವು. ಸನಾವರದಲ್ಲಿ ೧೮೪೭ರಲ್ಲಿ ಸೈನಿಕರ ಮಕ್ಕಳಿಗಾಗಿ ಆರಂಭವಾದ ಲಾರೆನ್ಸ್ ಸಂಸ್ಥೆ, ೧೮೫೯ರಲ್ಲಿ ಸಿಮ್ಲಾದಲ್ಲಿ ಪ್ರಾರಂಭವಾದ ಬಿಷಪ್ ಕಾಟನ್ ಶಾಲೆ ಇವು ಪ್ರಸಿದ್ಧವಾದವು. ನಮ್ಮ ಬೆಂಗಳೂರಿನ ದಂಡುಪ್ರದೇಶದಲ್ಲಿ ೧೮೬೫ರಲ್ಲಿ ಸ್ಥಾಪಿತವಾದ ಬಿಷಪ್ ಕಾಟನ್ ಶಾಲೆಯೂ ಇದೇ ಪರಂಪರೆಗೆ ಸೇರಿದುದು. ಇವು ಭಾರತದ ನೆಲದಲ್ಲಿದ್ದರೂ ಇವುಗಳ ಪಠ್ಯಕ್ರಮದ ದೃಷ್ಟಿ ಇಂಗ್ಲೆಂಡಿನ ಕಡೆಗೇ ಇತ್ತು. ಅಮೆರಿಕದ ಕ್ರೈಸ್ತ ಪ್ರಚಾರಕರು ೧೯೦೧ರಲ್ಲಿ ಕೊಡೈಕೆನಾಲಿನಲ್ಲಿ ತಮ್ಮ ಮಕ್ಕಳಿಗಾಗಿ ತೆರೆದ ಶಾಲೆಯೂ ಮೊದಲಿಗೆ ಹೀಗೆಯೇ ಅಮೆರಿಕಕ್ಕೆ ಮರಳುವವರ ಶಾಲೆಯಾಗಿತ್ತು. ಅದು ೧೯೭೬ರಲ್ಲಿ ಅಂತಾರಾಷ್ಟ್ರೀಯ ಪಠ್ಯಕ್ರಮವನ್ನು ಸ್ವೀಕರಿಸಿತೆಂಬುದನ್ನು ಇಲ್ಲಿ ನೆನಪಿನಲ್ಲಿಡಬೇಕು. ಆ ಪಠ್ಯಕ್ರಮದ ಮೂಲವನ್ನು ತಿಳಿಯಬೇಕಾದರೆ ನಾವು ಸ್ವಿಟ್ಸರ್ಲೆಂಡಿಗೆ ಹೋಗಬೇಕು.

೩

ಮೊದಲನೆಯ ಮಹಾಯುದ್ಧದ ತರುವಾಯ ಹೊಸ ಬಗೆಯ ಪರದೇಶವಾಸಿಗಳು ಕಾಣಿಸಿಕೊಂಡರು. ಲೀಗ್ ಆಫ್ ನೇಷನ್ಸ್ ಎಂದು ಪ್ರಸಿದ್ಧವಾದ ರಾಷ್ಟ್ರಸಂಘವು ೧೯೨೦ರಲ್ಲಿ ಜಿನೀವಾ ನಗರದಲ್ಲಿ ನೆಲಸಿತು. ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಕಚೇರಿಯೂ ಅಲ್ಲಿಗೇ ಬಂದಿತು. ಈ ಕಚೇರಿಗಳ ಉದ್ಯೋಗಿಗಳು ಯಾವ ಒಂದು ಸರ್ಕಾರದ ಸೇವಕರೂ ಆಗಿರಲಿಲ್ಲ. ಅವರು ಎಷ್ಟು ವರ್ಷ ಅಲ್ಲಿರುವರು, ಅಲ್ಲಿಂದ ಮುಂದೆ ಎಲ್ಲಿಗೆ ಹೋಗುವರು ಎಂಬುದನ್ನು ಅವರೇ ಹೇಳಲಾರರು. ಅವರ ಮಕ್ಕಳಿಗೆ ಜಿನೀವಾ ನಗರದ ಫ್ರೆಂಚ್ ಭಾಷೆಯ ಶಾಲೆಗಳಿದ್ದವು. ಆದರೆ ಅಲ್ಲಿ ಓದಿದ ಇಂಗ್ಲಿಷ್ ಅಥವಾ ಅಮೆರಿಕನ್ ಮಗು ತನ್ನ ದೇಶದ ವಿಶ್ವವಿದ್ಯಾನಿಲಯವನ್ನು ಪ್ರವೇಶಿಸುವುದು ಕಷ್ಟವಾಗಿತ್ತು.

ಈ ತೊಡಕನ್ನು ಬಿಡಿಸಲು ಕೆಲವರು ತಂದೆತಾಯಿಗಳೇ ಮುಂದಾದರು. ರಾಷ್ಟ್ರಸಂಘದ ವಾರ್ತಾವಿಭಾಗದಲ್ಲಿದ್ದ ಅಮೆರಿಕದ ಆರ್ಥರ್ ಸ್ವೀಟ್ಸರ್, ಅದರ ಆರೋಗ್ಯವಿಭಾಗದ ಮುಖ್ಯಸ್ಥರಾಗಿದ್ದ ಪೋಲೆಂಡಿನ ಲುಡ್ವಿಕ್ ರೈಖ್‌ಮನ್ ಇವರು ಜಿನೀವಾದ ಶಿಕ್ಷಣತಜ್ಞ ಅಡಾಲ್ಫ್ ಫೆರಿಯೇರರೊಡನೆ ಕೂಡಿ ೧೯೨೪ರಲ್ಲಿ ಜಿನೀವಾ ಅಂತಾರಾಷ್ಟ್ರೀಯ ಶಾಲೆಯನ್ನು ಸ್ಥಾಪಿಸಿದರು. ಮೊದಲ ದಿನಗಳಲ್ಲಿ ಫೆರಿಯೇರರ ಮರದ ಮನೆಯೇ ಶಾಲೆ. ವಿದ್ಯಾರ್ಥಿಗಳ ಸಂಖ್ಯೆ ೮. ಪೋಲ್ ಮೇಹೋಫರ್ ಎಂಬುವರು ಮೊದಲ ನಿರ್ದೇಶಕರು. ಫ್ರೆಂಚ್ ಮತ್ತು ಇಂಗ್ಲಿಷ್ ಎರಡೂ ಶಾಲೆಯ ಭಾಷೆಗಳಾದವು.

೧೯೨೯ರಿಂದ ೧೯೪೯ರವರೆಗೆ ಈ ಶಾಲೆಯನ್ನು ನಡೆಸಿದ ಮರೀ ತೆರೇಸ್ ಮೊರೆಟ್ ಅವರ ಕಾಲದಲ್ಲಿ ಬೋಧನಕ್ರಮಕ್ಕೆ ಒಂದು ನಿರ್ದಿಷ್ಟ ರೂಪ ಬಂದಿತು. ಅವರ ತಂದೆ ಪೋಲ್ ದ್ಯೂಪ್ವಿಯವರು ಅಲ್ಲಿ ಭೂಗೋಳವನ್ನು ಬೋಧಿಸುತ್ತಿದ್ದರು. ನಮ್ಮ ಶಾಲೆಗಳಲ್ಲಿ ಮಗು ಮೊದಲು ತನ್ನ ಊರು, ಬಳಿಕ ಜಿಲ್ಲೆ, ಬಳಿಕ ರಾಜ್ಯ, ಕೊನೆಗೆ ಪ್ರಪಂಚ ಎಂಬ ಕ್ರಮದಲ್ಲಿ ಭೂಗೋಳವನ್ನು ಕಲಿಯುತ್ತದೆ. ದ್ಯೂಪ್ವಿಯವರು ಈ ಕ್ರಮವನ್ನು ತಿರುವಿದರು. ಮಕ್ಕಳ ಮುಂದೆ ಮೊದಲು ಭೂಮಿಯ ಗೋಲವನ್ನಿಟ್ಟು, ಸಮಸ್ತ ಭೂಮಂಡಲದ ಪರಿಚಯವಾದ ಮೇಲೆ ದೇಶಗಳ ವಿವರಕ್ಕೆ ಇಳಿಯುತ್ತಿದ್ದರು. ಇತಿಹಾಸದಲ್ಲಿಯೂ ಪ್ರಪಂಚದ ನಾನಾ ಜನಾಂಗಗಳ ಚರಿತ್ರೆಯನ್ನು ಒಟ್ಟಾಗಿ ಕಾಣಿಸುವ ಪ್ರಯತ್ನ ನಡೆಯಿತು. ಈ ಅನುಭವವನ್ನು ಮೊರೆಟ್ ಅವರು ೧೯೪೮ರಲ್ಲಿ ಯುನೆಸ್ಕೋ ಸಂಸ್ಥೆಗಾಗಿ ಬರೆದ ಪ್ರಬಂಧವೊಂದರಲ್ಲಿ ವಿವರಿಸಿದ್ದಾರೆ.

ಈ ಶಾಲೆಗೂ ನಮ್ಮ ದೇಶದ ಇತಿಹಾಸಕ್ಕೂ ಒಂದು ಸಂಬಂಧವುಂಟು. ೧೯೨೬ರ ಮಾರ್ಚಿಯಲ್ಲಿ ಜವಾಹರಲಾಲ್ ನೆಹರೂ ಅವರು ಪತ್ನಿ ಕಮಲಾ ಅವರ ಚಿಕಿತ್ಸೆಗಾಗಿ ಜಿನೀವಾಗೆ ತೆರಳಿದರು. ಆಗ ಎಂಟು ವರ್ಷದವಳಾಗಿದ್ದ ಮಗಳು ಇಂದಿರೆಯನ್ನು ಇದೇ ಅಂತಾರಾಷ್ಟ್ರೀಯ ಶಾಲೆಗೆ ಸೇರಿಸಿದರು. ಬಳಿಕ ಆಕೆ ಬೆ ಎಂಬ ಊರಿನ ಇನ್ನೊಂದು ಶಾಲೆಯಲ್ಲಿ ಓದಿದಳು. ೧೯೨೭ರ ಡಿಸೆಂಬರಿನಲ್ಲಿ ಕುಟುಂಬ ಸ್ವದೇಶಕ್ಕೆ ಮರಳಿತು. ಮುಂದಿನ ಬೇಸಗೆಯಲ್ಲಿ ತಂದೆಯು ಅಲಹಾಬಾದಿನಿಂದ ಮಸ್ಸೂರಿಯಲ್ಲಿದ್ದ ಮಗಳಿಗೆ ಪತ್ರಗಳನ್ನು ಬರೆದು, ಭೂಮಿಯ ಹುಟ್ಟಿನಿಂದ ಮೊದಲುಮಾಡಿ ಮಾನವನ ಕಥೆಯನ್ನು ತಿಳಿಸಿದರು. ಜಿನೀವಾ ಶಾಲೆಯ ಕ್ರಮವೇ ಆ ಪತ್ರಗಳಿಗೆ ಪ್ರೇರಣೆಯಾಯಿತೆಂದು ನಾವು ಹೇಳುವುದಿಲ್ಲ, ಅದಕ್ಕೆ ಆಧಾರವಿಲ್ಲ. ಆದರೆ ಶಾಲೆಯಿಂದ ಶಾಲೆಗೆ ಹೋಗಬೇಕಾಗಿ ಬಂದ ಮಗುವಿಗೆ ಇತಿಹಾಸದ ಎಳೆಯನ್ನು ಹಿಡಿದುಕೊಡುವ ಕೆಲಸವನ್ನು ತಂದೆಯೇ ಕೈಗೊಂಡರೆಂಬುದು ಗಮನಾರ್ಹ. ಈ ಅಂಶವನ್ನು ಕೊನೆಯಲ್ಲಿ ಮತ್ತೆ ಎತ್ತಿಕೊಳ್ಳುತ್ತೇವೆ.

೪

ಎರಡನೆಯ ಮಹಾಯುದ್ಧದ ಬಳಿಕ ಇಂತಹ ಶಾಲೆಗಳು ಹೆಚ್ಚಿದವು. ನ್ಯೂಯಾರ್ಕಿನಲ್ಲಿ ವಿಶ್ವಸಂಸ್ಥೆಯ ಉದ್ಯೋಗಿಗಳ ಮಕ್ಕಳಿಗಾಗಿ ೧೯೪೭ರಲ್ಲಿ ಒಂದು ಶಾಲೆ ಆರಂಭವಾಯಿತು. ೧೯೫೧ರಲ್ಲಿ ಅಂತಾರಾಷ್ಟ್ರೀಯ ಶಾಲೆಗಳ ಸಂಘವೊಂದು ಜಿನೀವಾದಲ್ಲಿ ರಚಿತವಾಯಿತು. ಆದರೆ ಮೂಲಪ್ರಶ್ನೆ ಬಗೆಹರಿದಿರಲಿಲ್ಲ. ಕೆಳಗಿನ ತರಗತಿಗಳಲ್ಲಿ ಎಲ್ಲ ದೇಶದ ಮಕ್ಕಳೂ ಒಟ್ಟಿಗೆ ಕುಳಿತು ಕಲಿಯುತ್ತಿದ್ದರು. ಮೇಲಿನ ತರಗತಿಗೆ ಬರುತ್ತಲೇ ಒಬ್ಬರು ಸ್ವಿಸ್ ಪರೀಕ್ಷೆಗೆ, ಒಬ್ಬರು ಫ್ರೆಂಚ್ ಬ್ಯಾಕಲೋರಿಯಾಗೆ, ಒಬ್ಬರು ಇಂಗ್ಲೆಂಡಿನ ಪರೀಕ್ಷೆಗೆ, ಮತ್ತೊಬ್ಬರು ಅಮೆರಿಕದ ಕಾಲೇಜು ಪ್ರವೇಶಪರೀಕ್ಷೆಗೆ ಎಂದು ಬೇರೆಬೇರೆಯಾಗಬೇಕಾಗಿತ್ತು. ಹತ್ತು ವರ್ಷ ಒಂದೇ ಭೂಗೋಳವನ್ನು ಕಂಡ ಮಕ್ಕಳು ಕೊನೆಯ ಎರಡು ವರ್ಷಗಳಲ್ಲಿ ಮತ್ತೆ ತಮ್ಮ ತಮ್ಮ ದೇಶದ ಪುಸ್ತಕಗಳಿಗೆ ಹಿಂದಿರುಗುತ್ತಿದ್ದರು.

ಸರ್ವಸಾಮಾನ್ಯವಾದ ಒಂದು ಪರೀಕ್ಷೆಯನ್ನು ಏರ್ಪಡಿಸುವ ಪ್ರಯತ್ನ ಯಾವ ವಿಷಯದಿಂದ ಆರಂಭವಾಯಿತೆಂಬುದು ನಮ್ಮ ವಾಚಕರಿಗೆ ವಿಶೇಷ ಆಸಕ್ತಿಯನ್ನುಂಟುಮಾಡತಕ್ಕದ್ದು. ಗಣಿತದಿಂದಾಗಲಿ ವಿಜ್ಞಾನದಿಂದಾಗಲಿ ಆರಂಭಿಸಿದ್ದರೆ ಸುಲಭವಾಗುತ್ತಿತ್ತು. ಆದರೆ ಜಿನೀವಾ ಶಾಲೆಯ ಇತಿಹಾಸ ಉಪಾಧ್ಯಾಯ ರಾಬರ್ಟ್ ಲೀಚ್ ಅವರ ಪ್ರಯತ್ನದಿಂದ ೧೯೬೨ರಲ್ಲಿ ಸಮಾಜವಿಷಯಗಳ ಉಪಾಧ್ಯಾಯರ ಸಮ್ಮೇಳನವೊಂದು ನಡೆದು, ೧೯೬೩ರಲ್ಲಿ ಮೊದಲ ಪ್ರಾಯೋಗಿಕ ಪರೀಕ್ಷೆ ನಡೆದದ್ದು ಸಮಕಾಲೀನ ಇತಿಹಾಸದಲ್ಲಿ. ಅತ್ಯಂತ ಕಠಿಣವಾದ ವಿಷಯವನ್ನೇ ಅವರು ಮೊದಲು ಕೈಗೆತ್ತಿಕೊಂಡರು. ಒಂದೇ ಯುದ್ಧವನ್ನು ಎರಡು ದೇಶಗಳ ಪಠ್ಯಪುಸ್ತಕಗಳು ಎರಡು ಬಗೆಯಾಗಿ ವರ್ಣಿಸುವುದು ನಮಗೆಲ್ಲ ತಿಳಿದ ಸಂಗತಿ. ೧೭೯೯ರ ಶ್ರೀರಂಗಪಟ್ಟಣದ ಪತನವನ್ನು ಆಂಗ್ಲ ಲೇಖಕರು ಬರೆದ ಬಗೆಯೂ ನಮ್ಮ ಬಾಲಕರು ಓದುವ ಬಗೆಯೂ ಒಂದೇ ಅಲ್ಲ. ೧೮೫೭ರ ಘಟನೆಗಳಿಗೆ ಒಂದು ಕಡೆ ದಂಗೆಯೆಂದೂ ಇನ್ನೊಂದು ಕಡೆ ಸ್ವಾತಂತ್ರ್ಯಸಮರವೆಂದೂ ಹೆಸರು. ಎರಡೂ ಪಕ್ಷಗಳ ಮಕ್ಕಳು ಒಂದೇ ಬೆಂಚಿನಲ್ಲಿ ಕುಳಿತಿರುವಾಗ ಉಪಾಧ್ಯಾಯನು ಸಾಕ್ಷ್ಯಾಧಾರಗಳನ್ನು ಮುಂದಿಟ್ಟು ವಿಚಾರಮಾಡಿಸದೆ ಗತ್ಯಂತರವಿಲ್ಲ.

ಈ ಪ್ರಯತ್ನವೇ ಬೆಳೆದು ೧೯೬೮ರಲ್ಲಿ ಇಂಟರ್‌ನ್ಯಾಷನಲ್ ಬ್ಯಾಕಲರಿಯೇಟ್ ಸಂಸ್ಥೆಯಾಯಿತು. ಆಕ್ಸ್‌ಫರ್ಡಿನ ಅಲೆಕ್ ಪೀಟರ್ಸನ್ ಅವರು ಅದರ ಮೊದಲ ಮಹಾನಿರ್ದೇಶಕರು. ಕೆಲವು ವರ್ಷಗಳ ಪ್ರಾಯೋಗಿಕ ಪರೀಕ್ಷೆಗಳ ನಂತರ ೧೯೭೧ರಲ್ಲಿ ಅಧಿಕೃತ ಪರೀಕ್ಷೆಗಳು ಆರಂಭವಾದವು. ವಿದ್ಯಾರ್ಥಿಯು ಆರು ವಿಷಯಗಳನ್ನು ಓದಬೇಕು. ಅವುಗಳಲ್ಲಿ ಒಂದು ತಾನು ಚೆನ್ನಾಗಿ ಬಲ್ಲ ಭಾಷೆಯ ಸಾಹಿತ್ಯ, ಇನ್ನೊಂದು ಬೇರೊಂದು ಭಾಷೆ. ನಮ್ಮ ದೇಶದ ವಿಶ್ವವಿದ್ಯಾನಿಲಯಗಳ ಸಂಘವು ಈ ಪದವಿಪತ್ರವನ್ನು ೧೯೮೩ರಿಂದ ಮಾನ್ಯಮಾಡಿದೆ. ಮರಳುವ ನೆಲೆ ತಿಳಿಯದ ಮಗುವಿಗೆ ಯಾವ ದೇಶದ ಬಾಗಿಲನ್ನಾದರೂ ತೆರೆಯಬಲ್ಲ ಬೀಗದಕೈಯೊಂದು ಹೀಗೆ ದೊರೆತಂತಾಯಿತು.

೫

ಆದರೆ ಇದರ ಬೆಲೆಯೇನು? ಜಿನೀವಾ ಶಾಲೆಯ ಭಾಷೆಗಳು ಎರಡು. ಆ ಎರಡರಲ್ಲಿ ಒಂದು ಮನೆಮಾತಾಗಿದ್ದ ಮಗುವಿಗೆ ನಷ್ಟವಿರಲಿಲ್ಲ. ಪೋಲಿಷ್, ಚೀನೀ ಅಥವಾ ಭಾರತೀಯ ಭಾಷೆಗಳನ್ನಾಡುವ ಮಗುವಿನ ಸ್ಥಿತಿ ಬೇರೆ. ಮುಂದಿನ ದಿನಗಳಲ್ಲಿ ಅಂತಾರಾಷ್ಟ್ರೀಯ ಶಾಲೆಗಳು ಜಗತ್ತಿನಲ್ಲೆಲ್ಲ ಹರಡಿದಾಗ ಬಹುಪಾಲು ಕಡೆಗಳಲ್ಲಿ ಎರಡು ಭಾಷೆಗಳೂ ಉಳಿಯದೆ ಇಂಗ್ಲಿಷ್ ಒಂದೇ ಬೋಧನಭಾಷೆಯಾಯಿತು.

ಇದಕ್ಕೆ ಪ್ರತಿಯಾದ ಇನ್ನೊಂದು ಪ್ರಯೋಗವು ಲಕ್ಸೆಂಬರ್ಗಿನಲ್ಲಿ ನಡೆಯಿತು. ಯೂರೋಪಿನ ಆರು ದೇಶಗಳು ಕೂಡಿ ರಚಿಸಿದ ಕಲ್ಲಿದ್ದಲು ಮತ್ತು ಉಕ್ಕಿನ ಸಮುದಾಯದ ಕಚೇರಿಗಳು ಅಲ್ಲಿದ್ದವು. ಅದರ ಉದ್ಯೋಗಿಗಳು ೧೯೫೩ರಲ್ಲಿ ತಮ್ಮ ಮಕ್ಕಳಿಗಾಗಿ ಶಾಲೆ ತೆರೆದರು. ೧೯೫೭ರಲ್ಲಿ ಆರೂ ಸರ್ಕಾರಗಳು ಅದರ ನಿಬಂಧನೆಗಳಿಗೆ ಸಹಿಮಾಡಿದವು. ಇವರು ಹಿಡಿದ ದಾರಿ ಜಿನೀವಾದ ದಾರಿಯಲ್ಲ. ಮಗುವು ಮುಖ್ಯವಿಷಯಗಳನ್ನು ತನ್ನ ಮಾತೃಭಾಷೆಯ ವಿಭಾಗದಲ್ಲಿಯೇ ಕಲಿಯಬೇಕು. ಮೊದಲಿನಿಂದಲೇ ಎರಡನೆಯ ಭಾಷೆಯೊಂದನ್ನು ಅಭ್ಯಾಸಮಾಡಬೇಕು. ದೊಡ್ಡ ತರಗತಿಗಳಿಗೆ ಬಂದ ಮೇಲೆ ಇತಿಹಾಸ ಭೂಗೋಳಗಳನ್ನು ಆ ಎರಡನೆಯ ಭಾಷೆಯಲ್ಲಿ ಅನ್ಯದೇಶೀಯ ಮಕ್ಕಳೊಡನೆ ಕುಳಿತು ಓದಬೇಕು. ಯುದ್ಧ ಮುಗಿದು ಹತ್ತು ಹನ್ನೆರಡು ವರ್ಷಗಳೊಳಗಾಗಿ ಜರ್ಮನ್ ಬಾಲಕನು ಫ್ರೆಂಚ್ ಭಾಷೆಯಲ್ಲಿ, ಫ್ರೆಂಚ್ ಬಾಲಕನು ಜರ್ಮನ್ ಭಾಷೆಯಲ್ಲಿ ಯೂರೋಪಿನ ಇತಿಹಾಸವನ್ನು ಓದುವಂತಾದದ್ದು ಸಾಮಾನ್ಯ ವಿಷಯವಲ್ಲ. ಮಾತೃಭಾಷೆಯನ್ನು ಬಿಡದೆಯೂ ನೆರೆಯವನ ದೃಷ್ಟಿಯಿಂದ ಚರಿತ್ರೆಯನ್ನು ನೋಡಬಹುದೆಂಬುದಕ್ಕೆ ಈ ಶಾಲೆ ನಿದರ್ಶನ. ಇದಕ್ಕೆ ಆರು ಸರ್ಕಾರಗಳ ಬೊಕ್ಕಸದ ಬೆಂಬಲವಿತ್ತೆಂಬುದನ್ನೂ ಮರೆಯಬಾರದು.

ಜಪಾನೀಯರು ಮೂರನೆಯದೊಂದು ಮಾರ್ಗವನ್ನು ಅನುಸರಿಸಿದರು. ಯುದ್ಧಾನಂತರ ೧೯೫೬ರಲ್ಲಿ ಬ್ಯಾಂಕಾಕಿನಲ್ಲಿ ಅವರ ಪೂರ್ಣಾವಧಿಯ ಶಾಲೆ ಪುನಃ ಆರಂಭವಾಯಿತು. ಅಮೆರಿಕದಂತಹ ದೇಶಗಳಲ್ಲಿ ಅವರ ಮಕ್ಕಳು ವಾರವೆಲ್ಲ ಸ್ಥಳೀಯ ಶಾಲೆಯಲ್ಲಿ ಓದಿ, ಶನಿವಾರ ಜಪಾನೀ ಭಾಷೆ, ಗಣಿತ ಮುಂತಾದವುಗಳಿಗಾಗಿ ಬೇರೊಂದು ಪೂರಕಶಾಲೆಗೆ ಹೋಗುವ ಏರ್ಪಾಡಾಯಿತು; ವಾಷಿಂಗ್ಟನ್ ನಗರದ ಇಂತಹ ಶಾಲೆ ೧೯೫೮ರಲ್ಲಿ ಹುಟ್ಟಿತು. ಇಷ್ಟಾದರೂ ಸ್ವದೇಶಕ್ಕೆ ಮರಳಿದ ಮಕ್ಕಳು ತಮ್ಮವರ ನಡುವೆಯೇ ಹೊರಗಿನವರಂತಾಗುವ ಸಮಸ್ಯೆ ೧೯೭೦ರ ದಶಕದಲ್ಲಿ ಆ ದೇಶದಲ್ಲಿ ವಿಪುಲವಾದ ಚರ್ಚೆಗೆ ಕಾರಣವಾಯಿತು.

೬

ಇನ್ನು ನಮ್ಮವರ ವಿಷಯ. ಪಾರಸೀ ಕೊಲ್ಲಿಯ ಸುತ್ತಣ ದೇಶಗಳಲ್ಲಿ ಭಾರತೀಯ ಶಾಲೆಗಳು ಬಹಳ ಹಿಂದೆಯೇ ಹುಟ್ಟಿದವು. ಬಹರೇನಿನ ಭಾರತೀಯ ಶಾಲೆ ೧೯೫೦ರದು. ದುಬಾಯಿಯ ಭಾರತೀಯ ಪ್ರೌಢಶಾಲೆ ೧೯೬೧ರದು. ೧೯೭೦ರ ದಶಕದಿಂದೀಚೆಗೆ ಮಂಗಳೂರು, ಉಡುಪಿ, ಭಟ್ಕಳ ಮುಂತಾದ ಕರಾವಳಿಯ ಊರುಗಳಿಂದ ಅಲ್ಲಿಗೆ ಹೋದ ಕುಟುಂಬಗಳಲ್ಲಿ ಬಹುಮಂದಿ ಇಂತಹ ಶಾಲೆಗಳನ್ನೇ ಆಶ್ರಯಿಸಿದರು. ಇದರ ಕಾರಣ ಸ್ಪಷ್ಟವಾಗಿದೆ. ಆ ದೇಶಗಳು ಉದ್ಯೋಗಕ್ಕಾಗಿ ಬಂದ ಅನ್ಯದೇಶೀಯರಿಗೆ ಸಾಮಾನ್ಯವಾಗಿ ಪೌರತ್ವವನ್ನು ಕೊಡುವುದಿಲ್ಲ. ಎಷ್ಟು ವರ್ಷ ದುಡಿದರೂ ಒಂದು ದಿನ ಮರಳಲೇಬೇಕು. ಆದುದರಿಂದ ಮಗುವು ಮರಳಿ ಸೇರಬೇಕಾದ ದೇಶದ ಕೇಂದ್ರೀಯ ಮಂಡಲಿಯ ಪಠ್ಯಕ್ರಮವೇ ಅಲ್ಲಿ ನೆಲೆಯೂರಿತು. ನಮ್ಮ ವಾದಕ್ಕೆ ಇದಕ್ಕಿಂತ ಉತ್ತಮ ಪುರಾವೆ ಬೇಕಾಗಿಲ್ಲ.

ಆದರೆ ‘ಸ್ವದೇಶ’ ಎಂಬ ಮಾತು ಇಲ್ಲಿ ಸ್ವಲ್ಪ ವಿಚಾರಕ್ಕೆ ಅರ್ಹವಾಗಿದೆ. ಆ ಶಾಲೆಗಳ ಬೋಧನಭಾಷೆ ಇಂಗ್ಲಿಷ್. ಅದರೊಡನೆ ಹಿಂದಿ, ಅರಬ್ಬೀ ಭಾಷೆಗಳಿರುತ್ತವೆ. ಕನ್ನಡಕ್ಕೆ ವೇಳಾಪಟ್ಟಿಯಲ್ಲಿ ಸ್ಥಳ ದೊರೆಯುವುದು ವಿರಳ. ಮಗು ಭಾರತಕ್ಕೆ ಮರಳಲು ಸಿದ್ಧವಾಗಿರುತ್ತದೆ, ತನ್ನ ಅಜ್ಜಿಯ ಮನೆಗೆ ಮರಳಲು ಸಿದ್ಧವಾಗಿರುವುದಿಲ್ಲ. ಅಜ್ಜಿ ಬರೆದ ಕಾಗದವನ್ನು ಇನ್ನೊಬ್ಬರು ಓದಿ ಹೇಳಬೇಕಾಗುತ್ತದೆ. ಅಮೆರಿಕ, ಇಂಗ್ಲೆಂಡುಗಳಲ್ಲಿ ನೆಲಸಿದವರ ಮಕ್ಕಳಿಗೆ ಮರಳುವ ಪ್ರಶ್ನೆಯೇ ಅಸ್ಪಷ್ಟ. ಅವರಲ್ಲಿ ಬಹುಮಂದಿ ಆ ದೇಶದ ಸಾಮಾನ್ಯ ಶಾಲೆಗೇ ಹೋಗುತ್ತಾರೆ. ಎರಡು ಕಡೆಗಳಲ್ಲಿಯೂ ಕನ್ನಡ ಸಂಘಗಳು ವಾರಕ್ಕೊಮ್ಮೆ ನಡೆಸುವ ಕನ್ನಡ ತರಗತಿಗಳು ಜಪಾನೀಯರ ಶನಿವಾರದ ಶಾಲೆಯ ಕೆಲಸವನ್ನು, ಸರ್ಕಾರದ ಬೆಂಬಲ ಅಷ್ಟಾಗಿ ಇಲ್ಲದೆಯೇ, ಸ್ವಯಂಸೇವಕರ ಶ್ರಮದಿಂದ ಮಾಡುತ್ತಿವೆ. ಇವುಗಳ ಇತಿಹಾಸ ಇನ್ನೂ ಬರೆಯಲ್ಪಡಬೇಕಾಗಿದೆ. ಸಂಶೋಧನೆಗೆ ವಿಷಯವನ್ನು ಅರಸುವ ನಮ್ಮ ವಿದ್ಯಾರ್ಥಿಗಳು ಈ ಕಡೆ ಗಮನಹರಿಸುವುದು ಉಚಿತ.

ಇತ್ತೀಚಿನ ದಶಕಗಳಲ್ಲಿ ಪರಿಸ್ಥಿತಿ ಇನ್ನೊಂದು ತಿರುವನ್ನು ಪಡೆದಿದೆ. ಜಗತ್ತಿನ ಅಂತಾರಾಷ್ಟ್ರೀಯ ಶಾಲೆಗಳಲ್ಲಿ ಇಂದು ಓದುತ್ತಿರುವ ಮಕ್ಕಳಲ್ಲಿ ಬಹುಪಾಲಿನವರು ಪರದೇಶವಾಸಿಗಳ ಮಕ್ಕಳಲ್ಲ, ಆಯಾ ದೇಶದ ಅನುಕೂಲವಂತರ ಮಕ್ಕಳು. ಬೆಂಗಳೂರಿನಲ್ಲಿಯೂ ೧೯೯೦ರ ದಶಕದಿಂದೀಚೆಗೆ ಇದನ್ನು ಕಾಣಬಹುದು. ಎಲ್ಲಿಂದಲೂ ಹೊರಡದಿರುವ ಮಗುವಿಗೂ ಎಲ್ಲಿಗಾದರೂ ಹೋಗುವ ಶಿಕ್ಷಣವನ್ನು ಕೊಡಿಸುವ ಈ ಆಸೆಯು ೧೯೨೪ರ ತಂದೆತಾಯಿಗಳ ಅಗತ್ಯಕ್ಕಿಂತ ತೀರ ಭಿನ್ನವಾದುದು. ‘ಅಂತಾರಾಷ್ಟ್ರೀಯ’ ಎಂಬ ಹಲಗೆಯನ್ನು ತೂಗುಹಾಕಲು ಯಾವ ಒಂದು ಅಧಿಕಾರದ ಅಪ್ಪಣೆಯೂ ಬೇಕಾಗಿಲ್ಲದುದರಿಂದ, ಹೆಸರನ್ನು ನೋಡಿ ಶಾಲೆಯನ್ನು ಅಳೆಯುವುದು ಸಾಧ್ಯವಿಲ್ಲ.

೭

ಮೇಲಿನ ವಿವೇಚನೆಯಿಂದ, ಶಾಲೆಯನ್ನು ಆರಿಸಬೇಕಾದ ಕುಟುಂಬವು ತನಗೆ ತಾನೇ ಕೇಳಿಕೊಳ್ಳಬೇಕಾದ ಮೂರು ಪ್ರಶ್ನೆಗಳು ಸಿದ್ಧಿಸುತ್ತವೆಯೆಂದು ನಮಗೆ ತೋರುತ್ತದೆ.

ಮೊದಲನೆಯದು, ಮಗು ಹದಿನೆಂಟನೆಯ ವಯಸ್ಸಿನಲ್ಲಿ ಎಲ್ಲಿ ಇರಬೇಕೆಂದು ನಾವು ಭಾವಿಸಿದ್ದೇವೆ? ಇದಕ್ಕೆ ನಿಶ್ಚಿತವಾದ ಉತ್ತರವಿದ್ದರೆ ಆ ದೇಶದ ಪಠ್ಯಕ್ರಮವೇ ಸರಳಮಾರ್ಗ. ಉತ್ತರವಿಲ್ಲದಿದ್ದರೆ ಮಾತ್ರ ಅಂತಾರಾಷ್ಟ್ರೀಯ ಪರೀಕ್ಷೆಯ ವೆಚ್ಚ ಸಾರ್ಥಕ. ಕರ್ನಾಟಕಕ್ಕೆ ಮರಳುವ ಇಚ್ಛೆಯುಳ್ಳವರು ಇನ್ನೊಂದು ವಿಷಯವನ್ನು ಮುಂಚಿತವಾಗಿಯೇ ವಿಚಾರಿಸಿಕೊಳ್ಳಬೇಕು. ವೃತ್ತಿಶಿಕ್ಷಣದ ಸರ್ಕಾರಿ ಸ್ಥಾನಗಳಿಗೆ ಅಭ್ಯರ್ಥಿಯು ರಾಜ್ಯದೊಳಗೆ ಸಾಮಾನ್ಯವಾಗಿ ಏಳು ವರ್ಷ ಓದಿರಬೇಕೆಂಬ ನಿಯಮವುಂಟು. ಅದಕ್ಕೆ ಕೆಲವು ವಿನಾಯಿತಿಗಳೂ ಉಂಟು. ಇದನ್ನು ಹತ್ತನೆಯ ತರಗತಿಯಲ್ಲಿ ತಿಳಿದು ಪರಿತಪಿಸುವುದಕ್ಕಿಂತ ನಾಲ್ಕನೆಯ ತರಗತಿಯಲ್ಲಿಯೇ ತಿಳಿದುಕೊಳ್ಳುವುದು ಲೇಸು.

ಎರಡನೆಯದು, ಮನೆಮಾತನ್ನು ಓದಿ ಬರೆಯಲು ಕಲಿಸುವವರು ಯಾರು? ಅಂತಾರಾಷ್ಟ್ರೀಯ ಬ್ಯಾಕಲರಿಯೇಟಿನಲ್ಲಿ ತರಗತಿಯ ಉಪಾಧ್ಯಾಯರಿಲ್ಲದಿದ್ದರೂ ವಿದ್ಯಾರ್ಥಿಯು ತನ್ನ ಭಾಷೆಯ ಸಾಹಿತ್ಯವನ್ನು ಸ್ವಯಂ ಅಭ್ಯಾಸದಿಂದ ಓದುವುದಕ್ಕೆ ಅವಕಾಶವಿಟ್ಟಿದ್ದಾರೆ. ತಮ್ಮ ಮಗುವಿಗೆ ಕನ್ನಡದಲ್ಲಿ ಈ ಸೌಲಭ್ಯ ಸಿಗುವುದೇ ಎಂದು ಶಾಲೆಯನ್ನು ಕೇಳುವುದು ತಂದೆತಾಯಿಗಳ ಹಕ್ಕು. ಶಾಲೆ ಇಲ್ಲವೆಂದರೆ ಆ ಹೊಣೆ ಮನೆಗೆ ಬಂದಿತೆಂದು ತಿಳಿಯಬೇಕು.

ಮೂರನೆಯದು, ಮಗು ಅಲ್ಲಿ ಯಾರ ಇತಿಹಾಸವನ್ನು ಓದುತ್ತದೆ, ಹೇಗೆ ಓದುತ್ತದೆ? ತನ್ನ ನಾಡಿನ ಚರಿತ್ರೆಯನ್ನೇ ಕಾಣದ ಪಠ್ಯಕ್ರಮವೂ ಅದೊಂದನ್ನೇ ಕಾಣುವ ಪಠ್ಯಕ್ರಮವೂ ಸಮನಾಗಿ ಅಪೂರ್ಣ. ಶಾಲೆಯ ಕಟ್ಟಡವನ್ನೂ ಈಜುಕೊಳವನ್ನೂ ನೋಡಿ ಬರುವ ತಂದೆತಾಯಿಗಳು ಒಂದು ಗಳಿಗೆ ಅಲ್ಲಿಯ ಇತಿಹಾಸದ ಪುಸ್ತಕವನ್ನು ತೆರೆದುನೋಡಿದರೆ ಶಾಲೆಯ ಸ್ವರೂಪ ಹೆಚ್ಚು ಸ್ಪಷ್ಟವಾಗಿ ತಿಳಿಯುತ್ತದೆ.

ಈ ಮೂರು ಪ್ರಶ್ನೆಗಳಲ್ಲಿ ಮೊದಲನೆಯದಕ್ಕೆ ಶಾಲೆಗಳು ಉತ್ತರ ಕೊಡಬಲ್ಲವು. ಕಳೆದ ನೂರು ವರ್ಷಗಳಲ್ಲಿ ಕೊಟ್ಟಿವೆ. ಉಳಿದೆರಡನ್ನು ಯಾವ ಶಾಲೆಯೂ ಒಂಟಿಯಾಗಿ ಪೂರೈಸಿದ ನಿದರ್ಶನ ವಿರಳ. ಲಕ್ಸೆಂಬರ್ಗಿನಲ್ಲಿ ಅದಕ್ಕೆ ಆರು ಸರ್ಕಾರಗಳು ಬೇಕಾದವು. ಅಲಹಾಬಾದಿನಲ್ಲಿ ಒಬ್ಬ ತಂದೆಯೂ ಒಂದಿಷ್ಟು ಕಾಗದವೂ ಸಾಕಾದವು. ನಮ್ಮ ಹಳೆಯ ವಿದ್ಯಾರ್ಥಿಗಳಿಗೆ ನಾವು ಹೇಳುವುದಿಷ್ಟೆ: ತಮ್ಮ ಶಕ್ತಿಗೂ ನೆಲೆಗೂ ತಕ್ಕ ಶಾಲೆಯನ್ನು ಅವರು ಆರಿಸಿಕೊಳ್ಳಲಿ, ವಾರಕ್ಕೊಂದು ಗಂಟೆ ಮಗುವಿನೊಡನೆ ಕುಳಿತು ಕನ್ನಡದಲ್ಲಿ ತಮ್ಮ ಊರಿನ ಕಥೆಯನ್ನು ಹೇಳುವ ಕೆಲಸವನ್ನು ಮಾತ್ರ ಯಾವ ಶಾಲೆಗೂ ವಹಿಸದಿರಲಿ.